ಅಂಟಿನ ನೀಲಿ ಬಣ್ಣ

ಖಾನಾಪುರ
ಡಿಸೆಂಬರ್ ೨೪, ಬೆಳಿಗ್ಗೆ

ಲವೀನಾ ಟೀಚರಿಗೆ ನಮಸ್ಕಾರ.

ನಿಮ್ಮ ಫೋನ್ ಹತ್ತುತ್ತಿಲ್ಲ. ಅದಕ್ಕೇ ಈ ಪತ್ರವನ್ನು ಬೆಳಗಾವಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ನಿಮ್ಮ ಶಾಲೆಯ ಮಕ್ಕಳ ಕ್ರಿಸ್‌ಮಸ್ಸಿಗೆಂದು ನಾನು ಮಾಡಿಕೊಟ್ಟ ಕಾಗದದ ಪೆಟ್ಟಿಗೆಗಳಲ್ಲಿ ದಯವಿಟ್ಟು ಏನನ್ನೂ ತುಂಬಬೇಡಿ. ತುಂಬಿದ್ದರೆ ಕೇಕು, ಲಾಡು ಎಲ್ಲವನ್ನೂ ನೆಲದಲ್ಲಿ ಹೂತುಬಿಡಿ. ನಾಯಿಗೂ ಹಾಕಬೇಡಿ.

ಮೈದಾ ಅಂಟು ಕುದಿಸಿದವರು ನಮ್ಮತ್ತೆ. ನಲವತ್ತು ವರ್ಷ ಪುಸ್ತಕಗಳಿಗೆ ಬೈಂಡಿಂಗ್ ಮಾಡಿದವರು. ಅಂಟು ಯಾಕೆ ನೀಲಿ ಎಂದು ಮೊನ್ನೆ ಕೇಳಿದೆ.

"ಹುಳ ಹತ್ತಬಾರ್ದಂತ ಮೈಲುತುತ್ತ ಹಾಕೀನಿ. ಪುಸ್ತಕಕ್ಕ ಯಾವಾಗ್ಲೂ ಹಾಕ್ತೀವಲ್ಲ," ಅಂದರು.

"ಅತ್ತಿ, ಇದರಾಗ ಮಕ್ಕಳು ತಿನ್ನೂದೈತಿರೀ!"

ಅದು ವಿಷವೆಂದು ಇಬ್ಬರಿಗೂ ಗೊತ್ತು. ಪೆಟ್ಟಿಗೆ ತಿಂಡಿಗೆಂದು ಅವರಿಗೆ ಮೊದಲು ಗೊತ್ತಿರಲಿಲ್ಲ.

ಮೊನ್ನೆಯೇ ನಿಮಗೆ ತಿಳಿಸಬೇಕಿತ್ತು. ಮತ್ತೆ ಕೆಲಸ ಕೊಡುವುದಿಲ್ಲವೆಂದು ಹೆದರಿ ಸುಮ್ಮನಿದ್ದೆ. ಒಳಗೆ ಬೇರೆ ಕಾಗದ ಹಾಸುತ್ತೀರಿ, ಏನೂ ಆಗದು ಎಂದು ನನಗೆ ನಾನೇ ಹೇಳಿಕೊಂಡೆ.

ಅತ್ತೆಯನ್ನು ಏನೂ ಅನ್ನಬೇಡಿ. ಪೆಟ್ಟಿಗೆ ಅರವತ್ತು ಎಂದಿದ್ದೆ. ನೀವು ಎಣಿಸಿದರೆ ಒಂದು ಕಡಿಮೆ ಬರುತ್ತದೆ. ಅದನ್ನು ಹುಡುಕಬೇಡಿ. ಈಗಷ್ಟೇ ನನ್ನ ಮಗಳು ಭೂಮಿಕಾಳ ದಿಂಬಿನ ಕೆಳಗೆ ಸಿಕ್ಕಿತು. ಒಳಗೆ ಲಾಡಿನ ಪುಡಿ ಇತ್ತು. ಅವಳಿಗೆ ವಾಂತಿ ನಿಲ್ಲುತ್ತಿಲ್ಲ. ಆಸ್ಪತ್ರೆಗೆ ಹೋಗಲು ಆಟೋ ಬಂದು ನಿಂತಿದೆ.

ಇನ್ನೊಂದು ಮಾತು. ಪೆಟ್ಟಿಗೆಯಲ್ಲಿದ್ದದ್ದನ್ನು ಯಾರಾದರೂ ಆಗಲೇ ತಿಂದಿದ್ದಾರೋ ಎಂದು ಮಕ್ಕಳನ್ನು ಕೇಳುವಾಗ ಗದರಿಸಬೇಡಿ. ನಿನ್ನೆ ಒಂದು ಪೆಟ್ಟಿಗೆ ಕಾಣದೆ ನಾನು ಗದರಿಸಿ ಕೇಳಿದಾಗ ಭೂಮಿಕಾ, ಪೆಟ್ಟಿಗೆ ಮುಟ್ಟೇ ಇಲ್ಲ ಎಂದಿದ್ದಳು.

ಇಂತಿ,
ಶಿವಲೀಲಾ