ಖಾಲಿ ಖೋಲಿಯ ಪಂಖಾ

ಶರಣಪ್ಪ ಮಾಮಾ, ನಿಮ್ಮ ಬಸಣ್ಣನ ಶರಣು.

ಇವತ್ತು ಚಹಾ ಮತ್ತೆ ತಣ್ಣಗಾಯಿತು. ಚಿಂಚೋಳಿಯ ತಹಸೀಲ ಕಚೇರಿಯಲ್ಲೂ ಅದೇ ಹಾಡು. ಚಪ್ರಾಸಿ ಚಹಾದ ಕಪ್ಪು-ಬಶಿ ತಂದಿಟ್ಟ. ನಾನು ಪಕ್ಕದವರ ಕಡೆ ಸರಿಸಿದೆ, ಅವರು ‘ಪೆಹಲೇ ಆಪ್’ ಎಂದು ಆಚೆಯವರ ಕಡೆ ಸರಿಸಿದರು, ಆಚೆಯವರು ನನ್ನ ಕಡೆಗೇ ತಳ್ಳಿದರು. ಮೊದಲು ನೀವು, ಮೊದಲು ನೀವು ಎನ್ನುತ್ತ ಅದು ಮೇಜು ಸುತ್ತಿ ಬರುವಷ್ಟರಲ್ಲಿ ಕೆನೆ ಕಟ್ಟಿತ್ತು. ಸೇಡಮಿನಲ್ಲಿ ನೀವು ಒಮ್ಮೆ ನನ್ನ ಕಿವಿಯಲ್ಲಿ ಹೇಳಿದ್ದಿರಿ, “ಬಸಣ್ಣ, ಈ ಕಚೇರ್ಯಾಗ ಬಿಸಿ ಚಾ ಕುಡದಾವ ಇನ್ನಾ ಹುಟ್ಟಿಲ್ಲ ನೋಡು.” ಅದು ನೆನಪಾಗಿ ನನಗೆ ನಗು ಬಂತು. ಯಾಕೆ ನಗುತ್ತೀರಿ ಎಂದು ಪಕ್ಕದವರು ಕೇಳಿದರು. ಏನಂತ ಹೇಳಲಿ? ಅವರು ನಿಮ್ಮನ್ನು ಕಂಡವರಲ್ಲ. ಅದಕ್ಕೇ ನಿಮಗೇ ಬರೆಯೋಣವೆಂದು ಕುಳಿತಿದ್ದೇನೆ.

ನಾನು ಮೊದಲ ದಿನ ಕಚೇರಿಗೆ ಬಂದದ್ದು ನಿಮಗೆ ನೆನಪಿದೆಯೆ? ಅಪ್ಪ ಸತ್ತ ಮೇಲೆ ಅವ್ವ ನನ್ನನ್ನು ಕಟ್ಟಿಕೊಂಡು ತನ್ನ ತವರೂರು ಆಡಕಿಗೆ ಬಂದಿದ್ದಳು. ನೀವೂ ಆಡಕಿಯವರೇ, ಆ ನಂಟಿನಿಂದ ನನಗೆ ಮಾಮಾ ಆದಿರಿ. “ಶರಣಪ್ಪಣ್ಣ, ನಾಕು ಅಕ್ಷರ ಉರ್ದು ಕಲ್ತಾನ, ಇವಂಗೊಂದು ದಾರಿ ಹಚ್ಚು” ಎಂದು ಅವ್ವ ನಿಮ್ಮ ಬಾಗಿಲಲ್ಲಿ ಸೆರಗೊಡ್ಡಿ ನಿಂತಳು. ನೀವು ಮರುದಿನವೇ ನನ್ನನ್ನು ಕರೆದುಕೊಂಡು ಸೇಡಮಿನ ಕಚೇರಿಗೆ ಹೊರಟಿರಿ. ಬಾಗಿಲಲ್ಲಿ ಚಪ್ರಾಸಿ ನನ್ನ ಬರಿದಲೆ ನೋಡಿ ತಡೆದ. ನಿಜಾಮ ಸರಕಾರದ ಕಚೇರಿಗೆ ಬರಿದಲೆಯಲ್ಲಿ ಬರುವುದೆಂದರೇನು? ಅಂಥ ಮರೆಗುಳಿಗಳಿಗೆಂದೇ ಗೋಡೆಯ ಮೊಳೆಗೆ ಒಂದು ಟೊಪ್ಪಿಗೆ ತೂಗಿಬಿಟ್ಟಿದ್ದರು. ಅದರಲ್ಲಿ ಅರ್ಧ ತಾಲೂಕಿನ ತಲೆಯೆಣ್ಣೆ ಇತ್ತು. ನಾನು ಮೂಗು ಮುರಿದೆ. “ಹಾಕ್ಕೋ ಮಾರಾಯಾ, ನಾನೂ ಇದನ್ನೇ ಹಾಕ್ಕೊಂಡು ಒಳಗ ಬಂದಾವ” ಎಂದಿರಿ.

ಅಲ್ಲಿಂದ ಶುರುವಾಯಿತು ನೋಡಿ ನಿಮ್ಮ ಪಾಠ. ತಹಸೀಲದಾರ ಸಾಹೇಬರ ಖೋಲಿಗೆ ಹೋದರೆ ಬಾಗಿ ಸಲಾಮು ಮಾಡಬೇಕು, ಬರುವಾಗ ಬೆನ್ನು ತೋರಿಸದೆ ಹಿಂದಹಿಂದಕ್ಕೆ ನಡೆದು ಬರಬೇಕು. ಒಳಗಿನಿಂದ ಸಾಹೇಬರು ಘಂಟಿ ಹೊಡೆಯದೆ ಯಾರೂ ಬಾಗಿಲು ಮುಟ್ಟಬಾರದು. ಕೆಲಸದ ಮಾತಿಗೆ ಮೊದಲು ‘ಮಿಜಾಜ್ ಶರೀಫ್’ ಎಂದು ಒಬ್ಬರನ್ನೊಬ್ಬರು ಕ್ಷೇಮ ಕೇಳಬೇಕು, ಕೇಳಿಸಿಕೊಂಡವರು ಚೆನ್ನಾಗಿದ್ದೇನೆ, ಎಲ್ಲ ನಿಮ್ಮ ದುವಾ ಎನ್ನಬೇಕು. ಒಮ್ಮೆ ಹಲ್ಲುನೋವಿನಿಂದ ನಿಮ್ಮ ಕೆನ್ನೆ ಬೋಂಡಾದಂತೆ ಊದಿತ್ತು. ಆಗಲೂ ನೀವು ಆ ಊದಿದ ಬಾಯಲ್ಲೇ ಎಲ್ಲ ನಿಮ್ಮ ದುವಾ ಎಂದಿರಿ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಧ್ಯಾಹ್ನ, ಸಾಹೇಬರ ಮುಂದೆ ಕಾಗದಪತ್ರ ಇಡುವ ಪೇಶಕಾರರು ತಮ್ಮ ಮನೆಯಿಂದ ಲವಂಗದೆಣ್ಣೆ ತರಿಸಿಕೊಟ್ಟರು. ಆ ಕಚೇರಿಯ ಮೇಲೆ ಪೂರ್ತಿ ಸಿಟ್ಟು ಮಾಡಲಿಕ್ಕೂ ಆಗದಂಥ ಜನ ಅವರು.

ಬೇಸಿಗೆಯ ಮಧ್ಯಾಹ್ನಗಳು ನೆನಪಾದರೆ ಮಾತ್ರ ಇಂದಿಗೂ ನನ್ನ ಹೊಟ್ಟೆ ಉರಿಯುತ್ತದೆ. ಸಾಹೇಬರು ಏಳುವ ಮೊದಲು ಯಾರೂ ಏಳುವಂತಿಲ್ಲ. ಕೆಲಸ ಮುಗಿದಿರಲಿ, ಕಣ್ಣಿಗೆ ಕತ್ತಲೆ ಬರಲಿ, ಕೂತಿರಬೇಕು. ಸಾಹೇಬರು ಒಳಗಿದ್ದಾರೋ ಇಲ್ಲವೋ ಎಂಬುದಕ್ಕೆ ನಮಗಿದ್ದ ಗುರುತು ಒಂದೇ, ಪಂಖಾ ಎಳೆಯುವ ಸಾಯಬಣ್ಣ. ಖೋಲಿಯ ಒಳಗೆ ಮಾಡಿನಿಂದ ತೂಗಿಬಿಟ್ಟ ಬಟ್ಟೆಯ ದೊಡ್ಡ ಪಂಖಾ. ಅದರ ಹಗ್ಗ ಗೋಡೆಯ ತೂತಿನಿಂದ ಹೊರಗಿನ ಪಡಸಾಲೆಗೆ ಬರುತ್ತಿತ್ತು. ಮುದುಕ ಸಾಯಬಣ್ಣ ಗೋಡೆಗೊರಗಿ, ಹಗ್ಗವನ್ನು ಕಾಲ ಹೆಬ್ಬೆರಳಿಗೆ ಕಟ್ಟಿಕೊಂಡು, ಅರೆನಿದ್ದೆಯಲ್ಲಿ ಕಾಲು ಆಡಿಸುತ್ತಿದ್ದ. ಅವನಿಗೂ ಒಳಗಿನದು ಕಾಣುತ್ತಿರಲಿಲ್ಲ. ಅವನ ಕಾಲು ಆಡುತ್ತಿರುವವರೆಗೆ ಸಾಹೇಬರು ಒಳಗಿದ್ದಾರೆಂದು ನಾವು. ಯಾರೂ ಎದ್ದು ಹೋಗಿಲ್ಲವಾದ್ದರಿಂದ ಸಾಹೇಬರು ಒಳಗಿದ್ದಾರೆಂದು ಅವನು.

ಆ ದಿನ ವಾಡಿಯಿಂದ ಬಂದ ರೈಲಿನಲ್ಲಿ ನಿಮ್ಮ ಅಳಿಯನ ರೈಲ್ವೆ ಜೊತೆಗಾರನೊಬ್ಬ ಇಳಿದು ನೇರ ಕಚೇರಿಗೆ ಬಂದ. ನಿಮ್ಮ ಮಗಳು ನೀಲವ್ವ ಹಡೆದು ವಾರವಾಗಿರಲಿಲ್ಲ. ಕೂಸು ಹೋಗಿಬಿಟ್ಟಿತ್ತು, ಈಗ ಅವಳಿಗೂ ಜ್ವರ ಏರಿತ್ತು. “ಅಪ್ಪಗ ಕರೀರಿ ಅಂತ ಒಂದೇ ಸವನ ಅನ್ಲಿಕತ್ಯಾಳ್ರಿ. ಸಂಜಿ ಗಾಡಿಗಿ ಬಂದುಬಿಡ್ರಿ, ತಡ ಮಾಡಬ್ಯಾಡ್ರಿ” ಎಂದು ಹೇಳಿ ಅವನು ಹೋದ. ತಾಯಿ ಸತ್ತ ಮೇಲೆ ನೀಲವ್ವನನ್ನು ನೀವೇ ಜಡೆ ಹೆಣೆದು, ರೊಟ್ಟಿ ಬಡಿದು ಹಾಕಿ ಬೆಳೆಸಿದವರು. ಅವಳಿಗೆ ತವರು ಎಂದರೆ ನೀವೊಬ್ಬರೇ. ವಾಡಿಗೆ ಆ ಸಂಜೆಯ ಗಾಡಿ ತಪ್ಪಿದರೆ ಮರುದಿನವೇ ಗತಿ.

ನೀವು ಎದ್ದು ಪೇಶಕಾರರ ಮುಂದೆ ಕೈಮುಗಿದು ನಿಂತದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಘಂಟಿ ಹೊಡೆದಾಗ ಒಳಗೆ ಹೋಗುವ ಹಕ್ಕಿದ್ದದ್ದು ಅವರೊಬ್ಬರಿಗೇ. ಅವರ ಮುಖವೂ ಬಾಡಿತು. “ಶರಣಪ್ಪ, ಘಂಟಿ ಒಂದು ಹೊಡೀಲಿ. ಮೊದಲ ನಿಂದೇ ಅರ್ಜ ಮಾಡ್ತೀನಿ, ಖುದಾ ಕಸಮ್. ಈಗ ಆರಾಮ ಮಾಡ್ಲಿಕತ್ಯಾರ, ನಡುವ ಹೋದ್ರ ಇಬ್ಬರದೂ ನೌಕರಿ ಹೋಗ್ತದ” ಎಂದರು. ನೀವು ಬಂದು ಜಾಗದಲ್ಲಿ ಕುಳಿತಿರಿ. ಕೈಯಲ್ಲಿ ಲೇಖಣಿ ಹಿಡಿದಿರಿ, ಬರೆಯಲಿಲ್ಲ. ಹೊರಗೆ ಸಾಯಬಣ್ಣನ ಕಾಲು ಆಡುತ್ತಲೇ ಇತ್ತು.

“ಮಾಮಾ, ಎದ್ದು ನಡೀರಿ. ಆಗಿದ್ದು ಆಗ್ಲಿ” ಎಂದು ನಾನು ಅಂದೆ.

“ಹಂಗ ಹ್ಯಾಂಗ ಹೋಗ್ಲಿಕ್ಕ ಬರ್ತದೋ? ಸಾಹೇಬ್ರು ಒಳಗ ಅದಾರ.”

“ಅಲ್ಲಿ ನೀಲವ್ವ...”

“ಗೊತ್ತದ ಬಸಣ್ಣ. ನನಗ ಗೊತ್ತಿಲ್ಲೇನು? ಸುಮ್ಮ ಕುಂದ್ರು.”

ಬಿಸಿಲು ಪಡಸಾಲೆಯ ಕಂಬ ದಾಟಿ ಅಂಗಳಕ್ಕೆ ಇಳಿಯಿತು. ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಆ ಬಾಗಿಲನ್ನೇ ನೋಡುತ್ತಿದ್ದರು, ಯಾರೊಬ್ಬರೂ ಅದನ್ನು ತಟ್ಟಲಿಲ್ಲ. ಎಂಥ ಜನ ನಾವು? ದೂರದಲ್ಲಿ ಗಾಡಿಯ ಸೀಟಿ ಕೇಳಿಸಿದಾಗ ನೀವು ಎದ್ದಿರಿ. ಪೇಶಕಾರರು ಅರೆ ಅರೆ ಎನ್ನುವಷ್ಟರಲ್ಲಿ ಹೋಗಿ ಬಾಗಿಲು ನೂಕಿದಿರಿ. ನಾನು ನಿಮ್ಮ ಬೆನ್ನಿಗೇ ಇದ್ದೆ. ನೀವು ಹೊಸ್ತಿಲು ದಾಟಿದವರೇ ತಲೆ ತಗ್ಗಿಸಿ, ಬಾಗಿ, ಸಲಾಮು ಮಾಡಿ, “ಹುಜೂರ್, ನನ್ನ ಮಗಳು” ಎಂದಿರಿ. ಆಮೇಲೆ ತಲೆ ಎತ್ತಿದಿರಿ.

ಕುರ್ಚಿ ಖಾಲಿ ಇತ್ತು. ಹಿಂದಿನ ಬಾಗಿಲು ತೆರೆದಿತ್ತು. ಮೇಜಿನ ಮೇಲಿನ ಕಾಗದಗಳು ಪಂಖಾದ ಗಾಳಿಗೆ ಪಟಪಟ ಅನ್ನುತ್ತಿದ್ದವು. ಸಾಹೇಬರು ಊಟವಾದ ಮೇಲೆ ಹಿಂದಿನಿಂದಲೇ ಹೋಗಿ ಗೆಳೆಯರ ಜೊತೆ ಕಾಗಿಣಾ ಹೊಳೆಯ ದಂಡೆಗೆ ಶಿಕಾರಿಗೆ ಹೊರಟಿದ್ದರಂತೆ. ಯಾರಿಗೂ ಹೇಳಿರಲಿಲ್ಲ. ನಮಗೆ ಹೇಳಿ ಹೋಗಬೇಕೆಂಬ ರಿವಾಜು ಅವರಿಗೆಲ್ಲಿತ್ತು? ರಿವಾಜೆಲ್ಲ ನಮಗೆ. ಅರ್ಧ ದಿನ ನಾವೆಲ್ಲ ಒಂದು ಖಾಲಿ ಖೋಲಿಗೆ ಹೆದರಿ ಕುಳಿತಿದ್ದೆವು, ಒಬ್ಬ ಮುದುಕ ಅದಕ್ಕೆ ಗಾಳಿ ಬೀಸಿದ್ದ. ಮಾಮಾ, ಅದನ್ನು ನೋಡಿದ ಮೇಲೂ ನೀವು ಖೋಲಿಯಿಂದ ಹಿಂದಹಿಂದಕ್ಕೆ ನಡೆದೇ ಬಂದಿರಿ. ನನಗೆ ನಿಮ್ಮ ಭುಜ ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ಅಳುವೂ ಬಂತು.

ಸ್ಟೇಶನ್ನಿಗೆ ನಾವಿಬ್ಬರೂ ಓಡಿದೆವು. ಗಾಡಿ ಬಿಟ್ಟಾಗಿತ್ತು. ನೀವು ಹಳಿಯ ಗುಂಟ ನಡೆಯಲಿಕ್ಕೆ ಹೊರಟಿರಿ, ನಾನು ಬರುತ್ತೇನೆಂದರೆ ಬೇಡವೆಂದಿರಿ. ಚಿತ್ತಾಪುರದ ತನಕ ನಡೆದು, ಅಲ್ಲಿ ಮಾಲಗಾಡಿ ಹತ್ತಿ, ವಾಡಿ ಮುಟ್ಟಿದಾಗ ಬೆಳಕಾಗಿತ್ತಂತೆ. ರೈಲ್ವೆ ಲೈನಿನ ಆ ಮನೆಯ ಮುಂದೆ ಜನ ಕೂಡಿದ್ದರು. ಅಪ್ಪ ಬಂದನೇನು, ಅಪ್ಪ ಬಂದನೇನು ಎಂದು ಕೇಳಿ ಕೇಳಿ ಕೊನೆಗೆ ಅವಳು... ಮುಂದಿನದನ್ನು ನಿಮಗೆ ನಾನು ಹೇಳುವುದೇನಿದೆ? ಮಣ್ಣು ಕೊಟ್ಟವರು ನೀವು.

ನೀವು ಮತ್ತೆ ಕೆಲಸಕ್ಕೆ ಬಂದ ದಿನ ಘಂಟಿ ಹೊಡೆಯಿತು, ನಿಮ್ಮನ್ನು ಒಳಗೆ ಕರೆದರು. ಬಾಗಿಲು ತೆರೆದೇ ಇತ್ತು, ನಮಗೆಲ್ಲ ಕೇಳುತ್ತಿತ್ತು. ಸಾಹೇಬರು ಬಹಳ ಅಫಸೋಸು ಎಂದರು. ಕೆಟ್ಟ ಮನುಷ್ಯನೇನೂ ಅಲ್ಲ ಅವರು, ದನಿಯಲ್ಲಿ ಮರುಕ ಇತ್ತು. ಆಮೇಲೆ ಕೇಳಿದರು: “ನನಗೊಂದು ಮಾತು ಹೇಳಬೇಕಿತ್ತಲ್ಲ ಶರಣಪ್ಪ? ನಾನೇನು ಬೇಡ ಅಂತಿದ್ದೆನೆ?” ನೀವೇನು ಹೇಳುತ್ತೀರೆಂದು ನಾನು ಕಿವಿಗೊಟ್ಟು ಕೂತಿದ್ದೆ. ಒಮ್ಮೆಯಾದರೂ ಬಾಯಿಬಿಡಿ, ಇರುವುದನ್ನು ಇದ್ದ ಹಾಗೆ ಹೇಳಿಬಿಡಿ ಎಂದು ಮನಸ್ಸಿನಲ್ಲೇ ಕೂಗಿದೆ. “ತಪ್ಪಾಯ್ತು ಹುಜೂರ್” ಎಂದಿರಿ. ಯಾರ ತಪ್ಪು ಮಾಮಾ? ಆ ಒಂದು ಮಾತಿಗೆ ನಾನು ನಿಮ್ಮ ಮೇಲೆ ಬಹಳ ದಿನ ಸಿಟ್ಟಾಗಿದ್ದೆ.

ಅದೇ ದಿನ ಚಹಾ ಬಂತು. ಚಪ್ರಾಸಿ ಕಪ್ಪನ್ನು ನೇರ ನಿಮ್ಮ ಮುಂದೆ ಇಟ್ಟ. ಒಬ್ಬರೂ ಪೆಹಲೇ ಆಪ್ ಎನ್ನಲಿಲ್ಲ. ನೀವು ಸರಿಸಲು ಕೈ ಚಾಚಿದರೆ ಪೇಶಕಾರರು ಬಶಿಯ ಮೇಲೆ ತಮ್ಮ ಕೈ ಇಟ್ಟು, “ಕುಡೀರಿ” ಎಂದರು. ಅವರು ನಿಮಗೆ ರಿ ಹಚ್ಚಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನೀವು ಒಂದು ಗುಟುಕು ಕುಡಿದು, “ಬಿಸಿ ಅದಲ್ಲೋ ಬಸಣ್ಣ” ಎಂದಿರಿ. ಅಷ್ಟು ದಿನ ನಿಮಗೆ ಬಾರದ ಕಣ್ಣೀರು ಆಗ ಬಂತು. ಕಚೇರಿ ತುಂಬ ಎಲ್ಲರೂ ತಲೆ ತಗ್ಗಿಸಿ ಬರೆಯುವ ಹಾಗೆ ಮಾಡಿದರು. ಆ ತಿಂಗಳು ನಿಮ್ಮ ಮೇಜಿನ ಕೆಲಸವನ್ನೆಲ್ಲ ನಿಮಗೆ ಗೊತ್ತಾಗದ ಹಾಗೆ ಅವರವರೇ ಹಂಚಿಕೊಂಡು ಮಾಡಿದರು. ಬಾಗಿಲು ತಟ್ಟದವರೂ ಇವರೇ, ಹೀಗೆ ಮಾಡಿದವರೂ ಇವರೇ. ಇವರನ್ನು ಬೈಯಬೇಕೋ, ತಬ್ಬಿಕೊಳ್ಳಬೇಕೋ ನನಗೆ ಇಂದಿಗೂ ತಿಳಿಯುವುದಿಲ್ಲ.

ಸಂಜೆ ಸಾಯಬಣ್ಣ ನಿಮ್ಮ ಕಾಲಿಗೆ ಬಿದ್ದ. “ಯಪ್ಪಾ, ನಾ ಒಂದೀಟು ಹಗ್ಗ ಬಿಟ್ಟಿದ್ರ ನಿಮಗ ಮಾಲೂಮ ಆಗ್ತಿತ್ತು” ಎಂದು ಹಣೆ ಬಡಿದುಕೊಂಡ. ನೀವು ಅವನನ್ನು ಎಬ್ಬಿಸಿ, “ನಿನಗ್ಯಾರು ಬಿಡು ಅಂದ್ರು ಸಾಯಬಣ್ಣ? ಹೇಳದ ನೀ ಹ್ಯಾಂಗ ಬಿಡ್ತಿ” ಎಂದಿರಿ. ಅವನನ್ನು ಸಮಾಧಾನ ಮಾಡುವ ಮಾತು ನಿಮ್ಮಲ್ಲಿತ್ತು. ನಿಮಗೆ ಹೇಳುವಂಥದ್ದು ನಮ್ಮ ಯಾರಲ್ಲೂ ಇರಲಿಲ್ಲ.

ಮುಂದಿನ ಬೇಸಿಗೆಯನ್ನು ನೀವು ನೋಡಲಿಲ್ಲ. ಕಾಯಿಲೆ ಇಂಥದ್ದೆಂದು ಹಕೀಮರಿಗೂ ತಿಳಿಯಲಿಲ್ಲ. ಊಟ ಬಿಟ್ಟಿರಿ, ಮಾತು ಬಿಟ್ಟಿರಿ, ಸವೆದು ಸವೆದು ಹಾಸಿಗೆಗೆ ಅಂಟಿದಿರಿ. ನಾನು ಅಂಬಲಿ ಕುಡಿಸುತ್ತಿದ್ದಾಗ ಒಂದು ಮುಂಜಾನೆ ನನ್ನ ಕಡೆ ತಿರುಗಿ ಕೇಳಿದಿರಿ: “ಅವತ್ತು ನಾವು ಯಾಕ ಕುಂತಿದ್ವಿ ಬಸಣ್ಣ?” ಕೋಪದಿಂದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ ಹಾಗೆ ಕೇಳಿದಿರಿ. ನಾನು ಅಂಬಲಿಯ ಬಟ್ಟಲು ಕೆಳಗಿಟ್ಟೆ. ಮತ್ತೆ ನೀವು ಕೇಳಲಿಲ್ಲ.

ಈ ವರ್ಷದ ಬಿರುಬೇಸಿಗೆಯಲ್ಲಿ ಆಡಕಿಯಿಂದ ನಮ್ಮ ಓಣಿಯ ಗೌಡರ ಆಳು ಚಕ್ಕಡಿ ಹೂಡಿಕೊಂಡು ಸೇಡಮಿಗೆ ಬಂದ. ಅವ್ವನಿಗೆ ವಾಂತಿಭೇದಿ ಹತ್ತಿ ಕೈಕಾಲು ತಣ್ಣಗಾಗುತ್ತಿವೆ ಎಂದ. ಮಧ್ಯಾಹ್ನದ ಹೊತ್ತು. ಪಂಖಾ ಆಡುತ್ತಿತ್ತು. ಈ ಸಲ ಸಾಹೇಬರು ನಿಜವಾಗಿಯೂ ಒಳಗಿದ್ದರು ಮಾಮಾ, ಕೆಮ್ಮಿದ್ದು ನನಗೇ ಕೇಳಿಸಿತು. ನಾನು ಲೇಖಣಿ ಕೆಳಗಿಟ್ಟು ಎದ್ದು ನಿಂತೆ. ಇಡೀ ಕಚೇರಿ ನನ್ನನ್ನೇ ನೋಡಿತು. ಪೇಶಕಾರರು ಈಗ ಮುದುಕರಾಗಿದ್ದಾರೆ. ಅಭ್ಯಾಸಬಲದಿಂದ ಕುಂದ್ರು ಎಂದು ಕೈಸನ್ನೆ ಮಾಡಿದರು, ಆಮೇಲೆ ಆ ಕೈಯನ್ನು ತಾವೇ ಹಿಂದಕ್ಕೆ ಎಳೆದುಕೊಂಡರು.

“ನಮ್ಮವ್ವನ ಹಂತ್ಯಾಕ ಹೊಂಟೀನ್ರಿ” ಎಂದೆ.

“ಸಾಹೇಬ್ರಿಗಿ ಏನಂತ ಹೇಳ್ಲಿ?”

“ಅದನ್ನೇ ಹೇಳ್ರಿ.”

ಬೆನ್ನು ತೋರಿಸಿಯೇ ನಡೆದೆ. ಆಮೇಲೆ ಏನೇನಾಗಬೇಕೋ ಎಲ್ಲ ಆಯಿತು, ಬೇಅದಬಿ, ಮರ್ಯಾದೆಗೇಡಿತನ ಎಂದರು, ನಂಟಿಲ್ಲ ನೆಂಟರಿಲ್ಲ ಎನ್ನುವ ಈ ಚಿಂಚೋಳಿಗೆ ಎತ್ತಿ ಹಾಕಿದರು. ಹಾಕಲಿ.

ಚಕ್ಕಡಿ ಆಡಕಿ ಮುಟ್ಟಿದಾಗ ದನಗಳು ಇನ್ನೂ ಹೊಲದಿಂದ ಮರಳಿರಲಿಲ್ಲ. ಅವ್ವ ಪಡಸಾಲೆಯಲ್ಲಿ ಮಲಗಿದ್ದಳು, ಕಣ್ಣು ಒಳಗೆ ಹೋಗಿದ್ದವು. ಪಕ್ಕದಲ್ಲಿ ಕುಳಿತು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಬಹಳ ಹೊತ್ತಿನ ಮೇಲೆ ಗುರುತು ಹಿಡಿದಳು. ಅಂಗಳದ ಬಿಸಿಲು ನೋಡಿದಳು, ನನ್ನ ಮುಖ ನೋಡಿದಳು.

“ಇಷ್ಟ ಜಲ್ದಿ ಬಂದಿ... ಕಚೇರಿ ಬಿಟ್ಟಿತೇನೋ ಬಸ್ಯಾ?”

“ಹ್ಞೂಂ ಅವ್ವ” ಎಂದೆ. “ಬಿಟ್ಟಿತು.”

ಆಕೆ ಹೋಗುವಾಗ ನಾನು ಅಲ್ಲಿದ್ದೆ, ಮಾಮಾ.