ನಾನೇ ಬೇಡಿದ ಆದ್ಯತೆಯನ್ನು ರದ್ದುಪಡಿಸುವ ಕುರಿತು

ಅಂತರ್ಜಾಲ ಸಂಪರ್ಕಕ್ಕೆ ಪರವಾನಗಿ ನೀಡುವ ಕಚೇರಿಯ ಮಾನ್ಯ ಅಧಿಕಾರಿಗಳೇ,

ಕಳೆದ ತಿಂಗಳು ನಾನು ಸಲ್ಲಿಸಿದ ಅರ್ಜಿಯನ್ನು ತಾವು ಪುರಸ್ಕರಿಸಿದ್ದೀರಿ. ನನ್ನ ನಲವತ್ತು ವರ್ಷಗಳ ಬರವಣಿಗೆಯಲ್ಲಿ ಇಷ್ಟು ಬೇಗ ಪುರಸ್ಕೃತವಾದ ಅರ್ಜಿ ಇನ್ನೊಂದಿಲ್ಲ. ದಯವಿಟ್ಟು ಅದನ್ನು ತಿರಸ್ಕರಿಸಬೇಕೆಂಬುದೇ ಈ ಬಹಿರಂಗ ಪತ್ರದ ಅಹವಾಲು.

ಹಿರಿಯೂರಿನ ತಾಲ್ಲೂಕು ಕಚೇರಿಯ ಎದುರು ಕುಳಿತು, ಹಳೆಯ ಅರ್ಜಿಗಳನ್ನು ನಕಲು ಮಾಡುತ್ತಲೇ ಭಾಷೆ ಕಲಿತವನು ನಾನು. ನಮ್ಮ ಪಕ್ಕದ ಮನೆಯ ಸೊಸೆ ಯಶೋದಾ, ಧರ್ಮಪುರದ ಕುರಿಗಾರ ಕರಿಯಣ್ಣನ ಮಗಳು. ಕಳೆದ ವರ್ಷ, 2008ರಲ್ಲಿ, ಕುರಿ ಮಾರುವವರನ್ನೂ ಕೊಳ್ಳುವವರನ್ನೂ ಸೇರಿಸುವ ವೆಬ್‌ಸೈಟ್ ತೆರೆದಳು. ಒಂದು ಕೋಣೆ, ಒಂದು ಕಂಪ್ಯೂಟರ್, ಒಂದು ಕ್ಯಾಮೆರಾ, ಇಷ್ಟೇ ಬಂಡವಾಳ. ವ್ಯಾಪಾರ ಕುದುರಿತು. ಊರಿಗೆ ಸಂಪರ್ಕ ಕೊಡುವ ಖಾಸಗಿ ಕಂಪನಿಗೂ ಕುರಿಗಳ ಮೇಲೆ ಅಕ್ಕರೆ ಹುಟ್ಟಿತು; ತನ್ನದೇ ಒಂದು ಸೈಟ್ ತೆರೆಯಿತು. ಅಂದಿನಿಂದ ಕಂಪನಿಯ ಕುರಿ ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆಗೆ ಬರುತ್ತದೆ. ಅದೇ ತಂತಿಯಲ್ಲಿ ಯಶೋದಾಳ ಕುರಿ ತೆವಳುತ್ತದೆ. ಬೇಗ ಬರಬೇಕಾದರೆ ಪ್ರತ್ಯೇಕ ಶುಲ್ಕವಂತೆ; ಆ ಯೋಜನೆಗೆ ತಮ್ಮ ಅನುಮತಿಯಷ್ಟೇ ಬಾಕಿಯಿತ್ತು.

"ಏನ್ರಿ ಏಕಾಂತಪ್ಪಾರೆ," ಎಂದು ಕರಿಯಣ್ಣ ಪರದೆಯ ಮುಂದೆ ಕುಳಿತು ನನ್ನನ್ನು ನೋಡಿ ನಕ್ಕ. "ನನ್ ಟಗರು ಮಾರಿಕಣಿವೆ ಡ್ಯಾಮಿಗೆ ಹೋಗಿ ನೀರು ಕುಡ್ಕಂಡು ಬರ್ತಿತ್ತು. ಇದ್ರಾಗೆ ಇನ್ನೂ ಬರೀ ಕೊಂಬು ಕಾಣ್ತೈತಲ್ರಿ!"

ಕೊಂಬನ್ನಷ್ಟೇ ನೋಡಿ ಟಗರು ಕೊಳ್ಳುವ ಗಿರಾಕಿ ಯಾರಾದರೂ ತಮ್ಮ ಗಮನಕ್ಕೆ ಬಂದಿದ್ದಾರೆಯೇ?

ಈ ಅನ್ಯಾಯವನ್ನು ಲೇಖನಿಯಿಂದಲೇ ಮಟ್ಟಹಾಕುವೆನೆಂದು ನಾನು ಎದೆಯುಬ್ಬಿಸಿ ಕುಳಿತೆ. ಯಶೋದಾ ಎಚ್ಚರಿಸಿದಳು: "ತಾತ, ನಮ್ಮನ್ನ ಮುಂದೆ ಬಿಡ್ರಿ ಅಂತ ಬರೀಬ್ಯಾಡ್ರಿ. ಎಲ್ಲಾರ್ನೂ ಒಂದೇ ಥರ ಬಿಡ್ರಿ ಅಂತ ಬರೀರಿ."

"ಸುಮ್ನಿರಮ್ಮ. ಆದ್ಯತೆ ಅನ್ನೋದು ಇಲ್ದಿದ್ರೆ ಅರ್ಜಿಗೆ ತೂಕ ಎಲ್ಲೈತೆ?" ಎಂದೆ. ಪಡಿತರ ಚೀಟಿಗೂ ಬೋರ್‌ವೆಲ್ಲಿಗೂ ವಿಧವಾ ವೇತನಕ್ಕೂ ಬರೆದ ಸಾಲನ್ನೇ ಕೈ ತಾನಾಗಿ ಬರೆಯಿತು: "ಸದರಿ ವೆಬ್‌ಸೈಟನ್ನು ಆದ್ಯತೆಯ ಮೇರೆಗೆ ಇತರರಿಗಿಂತ ಮುಂಚಿತವಾಗಿ ಬಿಡಬೇಕಾಗಿ ಪ್ರಾರ್ಥನೆ."

ತಮ್ಮ ಉತ್ತರ ಬಂತು: "ಸಾರ್ವಜನಿಕರೇ ಆದ್ಯತೆಯನ್ನು ಕೋರಿರುವುದರಿಂದ ಕಂಪನಿಯ ಆದ್ಯತಾ ಶುಲ್ಕ ಯೋಜನೆಗೆ ಅನುಮತಿ ನೀಡಿದೆ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಜಾರಿ." ಆ ಸಾರ್ವಜನಿಕರು ನಾನೊಬ್ಬನೇ, ಸ್ವಾಮಿ.

ಯಶೋದಾ ಓದಿ ನಿಟ್ಟುಸಿರಿಟ್ಟಳು. "ಕಂಪನಿ ವಕೀಲ್ರು ಬರೆದಿದ್ರೂ ಇಷ್ಟು ಚೆಂದ ಬರ್ತಿರ್ಲಿಲ್ಲ ಬಿಡ್ರಿ, ತಾತ." ಹೊಗಳಿಕೆಯೆಂದು ಭಾವಿಸಿ ನಾನು ಒಂದು ಕ್ಷಣ ತಲೆದೂಗಿದ್ದೂ ಉಂಟು.

ತಂತಿ ಎಳೆದದ್ದು ಕಂಪನಿಯೇ, ಒಪ್ಪಿದೆ. ಆದರೆ ಚಿಕ್ಕಜಾಜೂರಿನ ರೈಲ್ವೆ ಗೇಟು ಕಾಯುವವನು ತಾನೂ ಒಂದು ಅಂಗಡಿಯಿಟ್ಟು, ಪಕ್ಕದ ಅಂಗಡಿಗೆ ಹೊರಟವರಿಗೆ ಮಾತ್ರ ಗೇಟು ಹಾಕಿದರೆ, ಅದನ್ನೂ ಯೋಜನೆ ಎನ್ನುವಿರಾ? ಶುಲ್ಕ ತೆತ್ತು ಮುಂದೆ ಹೋಗಲು ದೊಡ್ಡವರಿಗೆ ಕಷ್ಟವಿಲ್ಲ. ಒಂದು ಕೋಣೆಯ ಉದ್ಯಮ ಅಲ್ಲಿಗೇ ಬಾಗಿಲು ಮುಚ್ಚಬೇಕು. ಕುರಿ ಹಿಡಿಸದೆ ಗಿರಾಕಿ ಹೊರಟುಹೋದರೆ ಅದು ವ್ಯಾಪಾರ. ಕುರಿ ಕಾಣಿಸುವ ಮೊದಲೇ ಹೊರಟುಹೋದರೆ ಅದೇನು?

ಆದಕಾರಣ ನನ್ನ ಅರ್ಜಿಯನ್ನು ಕಡತದಿಂದ ಕಿತ್ತು, ಒಂದನೇ ತಾರೀಖಿನೊಳಗೆ ಆ ಅನುಮತಿಯನ್ನು ರದ್ದುಪಡಿಸಿ. ತಂತಿಯಲ್ಲಿ ಹೋಗುವ ಯಾವ ಸೈಟನ್ನೂ ಮುಂದೆ ಬಿಡಕೂಡದು, ತಡೆದು ನಿಲ್ಲಿಸಲೂ ಕೂಡದೆಂದು ಆದೇಶಿಸಿ. ಯಶೋದಾಳಿಗೆ ಯಾವ ವಿಶೇಷ ಕೃಪೆಯೂ ಬೇಡ. ಈ ಪತ್ರವನ್ನು ಆಕೆಯೇ ಓದಿ, ನಾಲ್ಕು ಸಾಲು ಹೊಡೆದುಹಾಕಿದ ಮೇಲೆ ಕಳುಹಿಸುತ್ತಿದ್ದೇನೆ.

ಇಂತಿ,
ತನ್ನ ಅರ್ಜಿಗೆ ತಾನೇ ತಕರಾರು ಹೂಡಿದ
ಏಕಾಂತಪ್ಪ, ಅರ್ಜಿ ಬರಹಗಾರ, ಹಿರಿಯೂರು