ಹತ್ತು ದಿನ ಒಣಗಬೇಕಾದ ಜೀಪು

ಮಾರ್ಚ್ 2, ಬೆಳಿಗ್ಗೆ 6.30

ಮತ್ತೆ ಜೀಪಿನ ಸುತ್ತ ಮೂರು ಸುತ್ತು. ಕೈಯಲ್ಲಿ ನನ್ನ ಕನ್ನಡಕದಂಗಡಿಯ ಭೂತಗನ್ನಡಿ. ಬಾನೆಟ್ಟಿನ ಮೇಲೆ ಹನ್ನೊಂದು ಗೀರು, ಎಡಬಾಗಿಲಲ್ಲಿ ಏಳು. ಬಲಬಾಗಿಲಲ್ಲಿ ಒಂದೂ ಇಲ್ಲ — ಅದು ಹೊಸ ಪೇಂಟು. ಆ ಬಾಗಿಲ ಮುಂದೆ ಮಾತ್ರ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಇವಳು ಚಹಾ ಹಿಡಿದು ಹೊರಗೆ ಬಂದಳು. "ಏನ್ರೀ, ಬೆಳಗಾಗೋದ್ರೊಳಗೆ ಗಾಡಿಗೂ ಕಣ್ಣಿನ ಪರೀಕ್ಷೆನಾ?"

"ಪೇಂಟು ಹಾಳಾಗ್ತಿದೆ ಕಣೇ. ಮೇಲೆ ಏನಾದ್ರೂ ಹಚ್ಚಬೇಕು."

"ಹಚ್ಚಿ. ಹದಿನೈದಕ್ಕೆ ಮಾತ್ರ ನನಗೆ ಗಾಡಿ ಬೇಕು."

ಹದಿನೈದು. ಅವತ್ತಿನಿಂದ ಇವಳಿಗೆ ಗುಡ್ಡದ ಸುತ್ತು. ಪಶುವೈದ್ಯೆ ಅಂದಮೇಲೆ ದನ ಇದ್ದಲ್ಲಿಗೆ ಹೋಗಬೇಕು, ಸರಿ. ಆದರೆ ಮೇಲಿನ ಕೊಟ್ಟಿಗೆಗಳಿಗೆ ಇರುವುದು ದಾರಿಯಲ್ಲ, ಕಲ್ಲು. ವಾರಕ್ಕೊಂದು ದಿನ. ತಾನೇ ಕೇಳಿ ಪಡೆದದ್ದು. ಮೊದಲ ದಿನ ತಪ್ಪಿದರೆ ಆ ಸುತ್ತು ಬೇರೆ ಡಾಕ್ಟರಿಗೆ ಹೋಗುತ್ತದಂತೆ.

ಹೋಗಲಿ ಅನ್ನಿಸುತ್ತದೆ. ಬಾಯಿಬಿಟ್ಟು ಹೇಳಲಾರೆ. ಹೋದ ಮಳೆಗಾಲ ಇದೇ ದಾರಿಯಲ್ಲಿ ಜೀಪು ಜಾರಿ ಹಳ್ಳಕ್ಕೆ ವಾಲಿತ್ತು, ಬಲಬಾಗಿಲು ಜಜ್ಜಿಹೋಗಿತ್ತು. ಫೋನು ಸಿಗಲಿಲ್ಲ. ಮರುದಿನ ಹತ್ತು ಗಂಟೆಗೆ ತಲೆಯಿಂದ ಕಾಲಿನವರೆಗೆ ಕೆಸರು, ನಗುತ್ತಾ ಬಂದಳು. ಇವಳಿಗೆ ಅದು ಮುಗಿದ ಕಥೆ. ನನಗಿನ್ನೂ ಮುಗಿದಿಲ್ಲ.

ಮಾರ್ಚ್ 3

ಕಾರು ತೊಳೆಯುವ ಅಂಗಡಿಗೆ ಹೋದೆ. ಅಂಗಡಿಯವನಿಗೆ ಎಲ್ಲರೂ ಪಾಲಿಶ್ ಅಣ್ಣ ಅನ್ನುತ್ತಾರೆ. ಅವನ ಸ್ವಂತ ಗಾಡಿ ಮಾತ್ರ ಧೂಳು ತಿನ್ನುತ್ತಾ ನಿಂತಿದೆ. ದೀಪದ ಕೆಳಗೆ ಕತ್ತಲೆ.

"ಬಾಗಿಲಿಗೆ ಪೇಂಟ್ ಹೊಡೆಸಿ ಎಷ್ಟಾಯ್ತು ಸರ್?"

"ಐದು ತಿಂಗಳು."

"ಹಾಗಾದ್ರೆ ಧೈರ್ಯವಾಗಿ ಹಚ್ಚಬಹುದು. ನೀವೇ ಹಚ್ತೀರಾ? ಮೊದಲ ಸಲಾನಾ? ಸ್ಪ್ರೇ ತಗೊಳ್ಳಿ. ಹೊಡೀರಿ, ಒರೆಸಿ, ಮುಗೀತು. ಕೈ ತಪ್ಪಿದ್ರೂ ಇನ್ನೊಂದು ಸಲ ಒರೆಸಿದ್ರೆ ಸರಿಹೋಗುತ್ತೆ. ಕೆಲವು ತಿಂಗಳು ಯೋಚನೆ ಇಲ್ಲ."

"ಮೇಣ?"

"ಅದೂ ಸುಲಭಾನೇ. ಆದ್ರೆ ನಿಮ್ಮ ಗಾಡಿ ಕೆಸರಲ್ಲಿ ಓಡೋದು. ನಾಲ್ಕು ಸಲ ತೊಳೆದ್ರೆ ಮೇಣವೂ ಹೋಯ್ತು, ಶ್ರಮವೂ ಹೋಯ್ತು."

"ಸೆರಾಮಿಕ್ ಕೋಟಿಂಗ್?"

ತಲೆ ಕೆರೆದುಕೊಂಡ. "ವರ್ಷಗಟ್ಟಲೆ ಬರುತ್ತೆ. ಆದ್ರೆ ಅದು ಸಿಟ್ಟಿನ ಮಾವ ಇದ್ದ ಹಾಗೆ ಸರ್. ಒಂದು ಮೂಲೆ ಒರೆಸೋದು ಮರೆತ್ರೆ ವರ್ಷಗಟ್ಟಲೆ ಅದನ್ನೇ ಎತ್ತಿ ಆಡ್ತಾನೆ. ಹೊಸಬರು ಅವನ ತಂಟೆಗೆ ಹೋಗಬಾರದು."

ಮುಳ್ಳಿನ ಗೀರು ತಡೆಯುತ್ತದಾ ಎಂದೆ. ಹಚ್ಚುವ ಯಾವುದೂ ತಡೆಯಲ್ಲ, ದಪ್ಪ ಫಿಲ್ಮ್ ಒಂದೇ ಮದ್ದು. ಅದನ್ನು ಇಡೀ ಗಾಡಿಗೆ ಅಂಟಿಸುವುದು ನಿಮ್ಮ ಕೈಲಾಗುವ ಕೆಲಸವಲ್ಲ, ಬಾಗಿಲ ಅಂಚಿಗೆ ಒಂದೊಂದು ಪಟ್ಟಿ ಅಂಟಿಸಿ ಸಾಕು ಅಂದ. ನಗು ಬಂತು. ನನ್ನ ಕನ್ನಡಕದಂಗಡಿಯಲ್ಲಿ "ಗೀರು ಬೀಳಲ್ವಾ?" ಎಂದು ಕೇಳದ ಗಿರಾಕಿಯಿಲ್ಲ. "ಬೀಳುತ್ತೆ, ನಿಧಾನಕ್ಕೆ ಬೀಳುತ್ತೆ" — ಇಪ್ಪತ್ತು ವರ್ಷದಿಂದ ಇದೇ ಉತ್ತರ.

"ಸೆರಾಮಿಕ್ ಹಚ್ಚಿದ್ರೆ ಗಾಡಿ ಎಷ್ಟು ದಿನ ನಿಲ್ಲಿಸಬೇಕು?"

"ಒಂದು ದಿನ ನೀರು ತಾಗಬಾರದು. ಒಂದು ವಾರ ಸೋಪು ಹಾಕಿ ತೊಳೀಬಾರದು. ಓಡಿಸೋಕೆ ಮಾತ್ರ ಮರುದಿನದಿಂದ್ಲೇ ಏನೂ ತೊಂದ್ರೆ ಇಲ್ಲ. ಯಾಕೆ ಸರ್?"

ಸುಮ್ಮನೆ ಕೇಳಿದೆ ಅಂದೆ. ಸುಮ್ಮನೆ ಕೇಳಲಿಲ್ಲ.

ಮಾರ್ಚ್ 5

ಕೂತಲ್ಲಿ ಕೂರಲಾಗುತ್ತಿಲ್ಲ. ಇವತ್ತು ಒಬ್ಬ ಟೀಚರಮ್ಮನ ಕನ್ನಡಕಕ್ಕೆ ಎಡದ ಲೆನ್ಸು ಬಲಕ್ಕೆ, ಬಲದ್ದು ಎಡಕ್ಕೆ ಕೂರಿಸಿದೆ. ಅವರು ಹಾಕಿಕೊಂಡು ಮೆಟ್ಟಿಲಿಳಿಯುವಾಗ ಗೋಡೆ ಹಿಡಿದರು. ಇಂಥ ತಪ್ಪು ಕೆಲಸ ಕಲಿಯುವಾಗಲೂ ಮಾಡಿರಲಿಲ್ಲ.

ಮನಸ್ಸು ಜೀಪಿನ ಮೇಲೆ. ಸ್ಪ್ರೇನೇ ಸರಿ, ಬುದ್ಧಿಗೆ ಗೊತ್ತು. ಆದರೆ ಸ್ಪ್ರೇ ಹೊಡೆದರೆ ಗಾಡಿ ಅವತ್ತೇ ಹೊರಡಬಹುದು... ಅದೇ ತೊಂದರೆ.

ಬರೆದಮೇಲೆ ಓದಿ ನೋಡಿದೆ. ಎಂಥ ಮನುಷ್ಯ ನಾನು? ಆ ಸಾಲನ್ನು ಹೊಡೆದುಹಾಕಲಿಲ್ಲ. ಇರಲಿ.

ಮಾರ್ಚ್ 9, ಸಂಜೆ

ಸೆರಾಮಿಕ್ ತಂದೆ. ಹಚ್ಚಿಯೂ ಆಯಿತು. ಸೊಂಟ ಬಿದ್ದುಹೋಗಿದೆ.

ತೊಳೆದು, ಒಣಗಿಸಿ, ಜೇಡಿಯಂಥ ಮೆತ್ತನೆಯ ಉಂಡೆಯಿಂದ ಇಂಚಿಂಚೂ ಉಜ್ಜಿದೆ. ಎಣ್ಣೆಯ ಪಸೆ ತೆಗೆಯಲು ಇನ್ನೊಂದು ದ್ರವ. ಆಮೇಲೆ ಪುಟ್ಟ ಬಾಟಲಿಯ ಹನಿ, ಒಂದೊಂದು ಗೇಣು ಜಾಗಕ್ಕೆ ಅಡ್ಡ ಒಮ್ಮೆ, ಉದ್ದ ಒಮ್ಮೆ. ಕಾಮನಬಿಲ್ಲಿನ ಬಣ್ಣ ಕಂಡ ಕೂಡಲೇ ಒರೆಸಬೇಕು. ನೋಡುತ್ತಾ ನಿಂತರೆ ಕೆಟ್ಟಿತು. ಬಾನೆಟ್ಟಿನ ನಡುವೆ ಒಂದು ಕಡೆ ನೋಡುತ್ತಾ ನಿಂತೆ. ಈಗ ಅಲ್ಲಿ ಹೆಬ್ಬೆಟ್ಟಿನಗಲ ಮಂಕು ಕಲೆ, ಉಜ್ಜಿದರೂ ಜಪ್ಪಯ್ಯ ಅನ್ನುವುದಿಲ್ಲ. ಸಿಟ್ಟಿನ ಮಾವ ಬಂದು ಕೂತ.

ಇವಳು ಬಂದು ನೋಡಿದಳು. "ಅಬ್ಬಾ, ಮುಖ ಕಾಣ್ತಿದೆ ಕಣ್ರೀ!" ಬಾಗಿಲಿಗೆ ಕೈ ಚಾಚಿದಳು.

"ಮುಟ್ಟಬೇಡ! ಹತ್ತು ದಿನ ಗಾಡಿ ಅಲ್ಲಾಡಬಾರದು."

ಬಾಯಿಂದ ಬಂದೇಬಿಟ್ಟಿತು. ಅಷ್ಟು ಸಲೀಸಾಗಿ ಸುಳ್ಳು ಬರುತ್ತದೆಂದು ಗೊತ್ತಿರಲಿಲ್ಲ.

"ಹತ್ತು ದಿನಾನಾ?"

"ಹತ್ತೊಂಬತ್ತರವರೆಗೆ. ಬಾಟಲಿ ಜೊತೆ ಬಂದ ಚೀಟಿಯಲ್ಲಿದೆ."

ನನ್ನ ಮುಖವನ್ನೇ ನೋಡಿದಳು. ಮುಖವನ್ನು ಜೀಪಿನ ಕಡೆ ತಿರುಗಿಸಿದೆ. ಅಲ್ಲೂ ನನ್ನ ಮುಖವೇ.

"ಸರಿ" ಅಂದಳು. ಅಷ್ಟೇ. ಜಗಳವಾಡಿದ್ದರೆ ಚೆನ್ನಾಗಿತ್ತು.

ಚೀಟಿಯಲ್ಲಿರುವುದು ಒಂದೇ ದಿನ; ಅವಳ ಕಣ್ಣಿಗೆ ಬೀಳದಂತೆ ಈ ಪುಟದೊಳಗೇ ಇಟ್ಟಿದ್ದೇನೆ.

ಮಾರ್ಚ್ 12

ಇವಳು ಹದಿನೈದರ ಮಾತೇ ಎತ್ತುತ್ತಿಲ್ಲ. ಗೆದ್ದೆ ಅನ್ನಿಸಬೇಕಿತ್ತು. ಗೆದ್ದವನಿಗೆ ಊಟ ಸೇರಬೇಕಲ್ಲ? ತಟ್ಟೆ ಮುಂದೆ ಕೂತರೆ ಇವಳು ನೋಡುತ್ತಾಳೆ. "ಏನಾದ್ರೂ ಹೇಳೋದಿದೆಯಾ?" ಅನ್ನುತ್ತಾಳೆ. ಇಲ್ಲ ಅನ್ನುತ್ತೇನೆ. ಇವತ್ತಿಗೆ ಮೂರನೇ ಸಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಸ್ಥಿತಿ ನನ್ನದು.

ಮಾರ್ಚ್ 15, ಬೆಳಿಗ್ಗೆ 6.10

ಹೋದಳು.

ಆಸ್ಪತ್ರೆಯ ಹಳೇ ವ್ಯಾನಿನಲ್ಲಿ. ಕಾಂಪೌಂಡರ್ ಗೇಟಿನ ಮುಂದೆ ತಂದು ನಿಲ್ಲಿಸಿದ. ಹಿಂದಿನ ಬಾಗಿಲನ್ನು ಹಗ್ಗದಲ್ಲಿ ಕಟ್ಟಿದ್ದಾನೆ. ಟೈರಿನಲ್ಲಿ ಪಟ್ಟೆಯೇ ಉಳಿದಿಲ್ಲ, ನನ್ನ ತಲೆಯ ಹಾಗೆ ನುಣ್ಣಗಿದೆ. ಔಷಧಿ ಪೆಟ್ಟಿಗೆ ಒಳಗಿಟ್ಟು, ಮೇಲೆ ಹತ್ತಿ ಕೂತಳು.

"ಇದ್ರಲ್ಲಾ?" ಅಂದೆ.

"ಮತ್ತಿನ್ಯಾವುದ್ರಲ್ಲಿ? ನಮ್ಮದು ಒಣಗ್ತಾ ಇದೆಯಲ್ಲ."

ಆಗ ಹೇಳಬಹುದಿತ್ತು. ನಾಲಿಗೆ ಎದ್ದಿತ್ತು ಕೂಡ. ಕಾಂಪೌಂಡರ್ ಎದುರಿಗೆ ಮರ್ಯಾದೆ ಅಡ್ಡ ಬಂತು. ವ್ಯಾನು ಕೆಮ್ಮುತ್ತಾ ತಿರುವು ದಾಟಿತು.

11.00, ಅಂಗಡಿ

ಫೋನಿಲ್ಲ. ಬಡಗಣ ದಿಕ್ಕಿಗೆ, ಗುಡ್ಡದ ಮೇಲೆ ಮೋಡ. ಇದ್ದದ್ದರಲ್ಲಿ ಒಳ್ಳೆಯ ಗಾಡಿ ಮನೆ ಮುಂದೆ ಮಿರಮಿರ ಮಿಂಚುತ್ತಿದೆ. ಇವಳನ್ನು ಕಾಪಾಡಲು ಹೊರಟು ಹಗ್ಗದ ಬಾಗಿಲಿನ ವ್ಯಾನಿಗೆ ಹತ್ತಿಸಿದೆ. ಹೋಗುವುದಿಲ್ಲ ಅಂದುಕೊಂಡಿದ್ದೆ. ಮದುವೆಯಾಗಿ ಹದಿನೆಂಟು ವರ್ಷ, ಯಾವತ್ತು ಹೋಗದೆ ಇದ್ದಾಳೆ?

1.20

ಅರ್ಧ ಗಂಟೆಯಿಂದ ಮಳೆ. ಇಪ್ಪತ್ತೆರಡು ಸಲ ಫೋನು ಮಾಡಿದೆ. ಸಿಗುತ್ತಿಲ್ಲ. ಅಂಗಡಿ ಮುಚ್ಚಿ ಮನೆಗೆ ಬಂದೆ. ಕೀಲಿ ಕೈಯಲ್ಲಿದೆ. ಟಾರು ಬಿಟ್ಟು ಒಂದು ಮಾರೂ ಓಡಿಸಿದವನಲ್ಲ ನಾನು. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಆ ಚಿಕ್ಕ ಗೇರ್ ಲಿವರನ್ನು ಮುಟ್ಟಿಯೂ ನೋಡಿಲ್ಲ.

ಮಾರ್ಚ್ 16

ಎರಡೂ ತೋಳು ಎತ್ತಲಾಗುತ್ತಿಲ್ಲ. ಬರೆಯಲೇಬೇಕು.

ನಿನ್ನೆ ಟಾರು ಮುಗಿದ ಕಡೆ ಜೀಪು ನಿಲ್ಲಿಸಿ ಲಿವರ್ ಮೇಲಿನ ಅಕ್ಷರ ಓದಿದೆ. ಎಳೆದೆ. ಏನೋ ಕಟಕಟ ಅಂದು ಕೂತುಕೊಂಡಿತು. ಆಮೇಲೆ ಎರಡೂ ಕಡೆ ಮುಳ್ಳುಪೊದೆ. ಬಾಗಿಲ ಮೇಲೆ ಅದರ ಕಿರ್‍ರ್ ಸದ್ದು ನನ್ನ ಹಲ್ಲಿಗೇ ಕೇಳಿಸಿತು. ಮೊದಲ ಸಲ ಬ್ರೇಕು ಒತ್ತಿದೆ. ಎರಡನೇ ಸಲ ಬೈದೆ. ಆಮೇಲೆ ಕೇಳಿಸಲೇ ಇಲ್ಲ. ದಾರಿಯುದ್ದಕ್ಕೂ ಒಂದೇ ಜಪ — ವ್ಯಾನು ನೆಟ್ಟಗೆ ನಿಂತಿರಲಿ, ನೆಟ್ಟಗೆ ನಿಂತಿರಲಿ.

ನೆಟ್ಟಗೇ ನಿಂತಿತ್ತು. ತೊರೆಯ ಅಂಚಿನಲ್ಲಿ ಹಿಂದಿನ ಚಕ್ರ ಅರ್ಧ ಹೂತಿತ್ತು. ಅದಕ್ಕೂ ಕೆಳಗಿನ ಪ್ರಪಾತಕ್ಕೂ ಮೂರು ಗೇಣು. ಜೀಪು ನಿಲ್ಲಿಸಿ ಓಡಿದೆ.

ಇವಳು ಬಂಡೆಯ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದಳು. ತೋಳಿನವರೆಗೆ ರಕ್ತದ ಕಲೆ. ಕರು ಅಡ್ಡವಾಗಿತ್ತಂತೆ, ತಿರುಗಿಸಿ ತೆಗೆದಳಂತೆ, ತಾಯಿ ಕರು ಎರಡೂ ಸುಖ. ಮೊದಲು ನನ್ನನ್ನು ನೋಡಿದಳು. ಆಮೇಲೆ ಜೀಪನ್ನು.

"ಇನ್ನೂ ನಾಲ್ಕು ದಿನ ಇತ್ತಲ್ಲ ರೀ?"

ಅರ್ಥವಾಗದಿದ್ದರೂ ಕಾಂಪೌಂಡರ್ ನಕ್ಕ. ನನಗೆ ನಗಲಾಗಲಿಲ್ಲ. ಹಗ್ಗ ಕಟ್ಟಿ, ವ್ಯಾನು ಎಳೆದು, ಅವನನ್ನು ಮುಂದೆ ಕಳಿಸಿದೆವು. ಜೀಪು ಇವಳು ಓಡಿಸಿದಳು.

ಅರ್ಧ ದಾರಿಯಲ್ಲಿ, ಕಣ್ಣು ಮುಂದೆಯೇ ಇಟ್ಟು ಅಂದಳು — "ಹಚ್ಚಿದ ಮರುದಿನಾನೇ ಪಾಲಿಶ್ ಅಣ್ಣಂಗೆ ಫೋನ್ ಮಾಡಿದ್ದೆ. ಒಂದು ದಿನ ಸಾಕಂತೆ."

ಕಿವಿ ಬಿಸಿಯಾಯಿತು. "ಗೊತ್ತಿದ್ದೂ ಆ ವ್ಯಾನ್ ಹತ್ತಿದ್ಯಾ?"

"ನೀವು ಹೇಳ್ತೀರಿ ಅಂತ ಐದು ದಿನ ಕಾದೆ. ಗೇಟಿನ ಹತ್ರಾನೂ ಕಾದೆ."

"ಏನು ಹೇಳಬೇಕಿತ್ತು?"

"ಭಯ ಆಗುತ್ತೆ ಅಂತ. ಅಷ್ಟೇ. ಹೋಗಬೇಡ ಅಂದಿದ್ರೆ ಜಗಳ ಆಡ್ತಿದ್ದೆ. ಭಯ ಅಂದಿದ್ರೆ ಕೂತು ಮಾತಾಡ್ತಿದ್ವಿ. ನನಗೂ ಆಗುತ್ತೆ ಕಣ್ರೀ. ಆ ಹಳ್ಳದ ಹತ್ರ ಬಂದ್ರೆ ಈಗಲೂ ಕೈ ಬೆವರುತ್ತೆ."

ಸ್ಟೀರಿಂಗ್ ಮೇಲಿನ ಅವಳ ಕೈ ನೋಡಿದೆ. ಬೆವರಿತ್ತು. ಇಷ್ಟು ದಿನ ಜೀಪಿನ ಗೀರನ್ನೇ ಎಣಿಸಿದೆ, ಇದು ಕಾಣಲಿಲ್ಲ. ಕಣ್ಣಿನ ವ್ಯಾಪಾರಿ ನಾನು! ನಾಚಿಕೆಯಾಯಿತು.

ಮಾರ್ಚ್ 21

ಜೀಪು ತೊಳೆದೆ. ಕೆಸರು ಬರೀ ನೀರಿಗೇ ಜಾರಿ ಹೋಯಿತು, ಆ ಮಟ್ಟಿಗೆ ಸಿಟ್ಟಿನ ಮಾವ ಕೆಲಸದವನೇ. ಬಾನೆಟ್ಟಿನ ಮಂಕು ಕಲೆ ಹಾಗೇ ಇದೆ. ಬಲಬಾಗಿಲಿಗೂ ಗೀರು ಬಿದ್ದಿದೆ, ನಾನೇ ಬೀಳಿಸಿದ್ದು. ಎಣಿಸಲಿಲ್ಲ.

ಪಾಲಿಶ್ ಅಣ್ಣ ಬಾಗಿಲ ಅಂಚಿನ ಪಟ್ಟಿ ಕೊಟ್ಟ, ಒಂದು ಸ್ಪ್ರೇ ಕೂಡ. "ಮೊದಲೇ ಹೇಳಿದ್ದೆ ಸರ್, ಹೊಸಬರಿಗೆ ಇದೇ ಸರಿ." ಕಣ್ಣಲ್ಲಿ ತುಂಟತನ. ಇವನಿಗೆ ಎಷ್ಟು ಗೊತ್ತೋ.

ನಾಳೆ ಮತ್ತೆ ಗುಡ್ಡ. ಸುತ್ತು ಇವಳ ಕೈಯಲ್ಲೇ ಉಳಿಯಿತು. ಊಟಕ್ಕೆ ಕೂತಾಗ ಭಯದ ಮಾತು ಹೇಳೋಣವೆಂದು ಬಾಯಿ ತೆರೆದೆ. "ಉಪ್ಪು ಕೊಡು" ಅಂದೆ.

ಮಾರ್ಚ್ 22, ಬೆಳಿಗ್ಗೆ 5.50

ಹೊರಗೆ ಪೆಟ್ಟಿಗೆ ಇಡುವ ಸದ್ದು. ನಾನಿಲ್ಲಿ ಮೇಜಿನ ಮುಂದೆ ಹೇಡಿಯ ಹಾಗೆ ಬರೆಯುತ್ತಾ ಕೂತಿದ್ದೇನೆ. ಚೀಟಿ ಇನ್ನೂ ಒಂಬತ್ತರ ಪುಟದಲ್ಲಿದೆ. ತೆಗೆದುಕೊಂಡೆ. ಇದನ್ನು ಅವಳ ಕೈಗೆ ಕೊಟ್ಟು, ಹತ್ತು ದಿನ ಅಂದದ್ದು ಸುಳ್ಳು ಅನ್ನಬೇಕು. ಅವಳಿಗೆ ಗೊತ್ತು, ಆದರೂ ನನ್ನ ಬಾಯಿಂದ ಬರಬೇಕು. ಆಮೇಲೆ ಇನ್ನೆರಡು ಮಾತು: ನನಗೆ ಭಯ. ಬರೆಯುವುದು ಎಷ್ಟು ಸುಲಭ.

ಇಂಜಿನ್ ಶುರುವಾಯಿತು. ಹೊರಡುತ್ತಿಲ್ಲ. ಕಿಟಕಿಯಲ್ಲಿ ಕಾಣುತ್ತಾಳೆ, ಮನೆ ಬಾಗಿಲ ಕಡೆಯೇ ನೋಡುತ್ತಿದ್ದಾಳೆ. ಕಾಯುತ್ತಿದ್ದಾಳೆ. ಈಗಲೂ ಹೋಗಿ ಹೇಳದಿದ್ದರೆ ನಾನು —